ಊಟಕ್ಕೂ ಔಷಧಕ್ಕೂ ಒಂದೇ ಬಾಗಿಲು

ರಾತ್ರಿ 8 ಗಂಟೆಗೆ ಉಂಡು ಮಲಗಿದ ಹುಡುಗ ಬೆಳಿಗ್ಗೆ 8ಕ್ಕೆ ತಿಂಡಿ ತಿನ್ನುತ್ತಾನೆ. ನಡುವಿನ 12 ಗಂಟೆ ಅವನ ಮಿದುಳಿಗೆ ಸಕ್ಕರೆ ಎಲ್ಲಿಂದ ಬಂತು? ಉತ್ತರ ಬಲ ಪಕ್ಕೆಲುಬುಗಳ ಮರೆಯಲ್ಲಿದೆ. ಅದೇ ಯಕೃತ್ತು. ದೊಡ್ಡವರಲ್ಲಿ ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಪಠ್ಯಪುಸ್ತಕಗಳು ಇದನ್ನು ಪಿತ್ತಜನಕಾಂಗ ಎನ್ನುತ್ತವೆ. ಪಿತ್ತರಸ ತಯಾರಿಸುವುದು ಅದರ ಹಲವು ಕೆಲಸಗಳಲ್ಲಿ ಒಂದು ಮಾತ್ರ. ಆ ಹೆಸರು ಅದಕ್ಕೆ ಸ್ವಲ್ಪ ಅನ್ಯಾಯವನ್ನೇ ಮಾಡಿದೆ.

ಫ್ರಾನ್ಸಿನ ವಿಜ್ಞಾನಿ ಕ್ಲಾಡ್ ಬರ್ನಾರ್ಡ್ 1855ರಲ್ಲಿ ಒಂದು ಪ್ರಯೋಗ ಮಾಡಿದ. ಆಗತಾನೆ ಕೊಂದ ನಾಯಿಯ ಯಕೃತ್ತಿಗೆ ನೀರು ಹಾಯಿಸಿ, ಸಕ್ಕರೆಯ ಸುಳಿವೇ ಉಳಿಯದಂತೆ ತೊಳೆದಿಟ್ಟ. ಮರುದಿನ ನೋಡಿದರೆ ಅದರಲ್ಲಿ ಮತ್ತೆ ಸಕ್ಕರೆ! ತೊಳೆದರೂ ಹೋಗದ ಯಾವುದೋ ವಸ್ತುವಿನಿಂದ ಅದು ಹುಟ್ಟುತ್ತಿರಬೇಕೆಂದು ಊಹಿಸಿ, 1857ರಲ್ಲಿ ಆ ವಸ್ತುವನ್ನೂ ಬೇರ್ಪಡಿಸಿದ. ಅದೇ ಗ್ಲೈಕೋಜೆನ್. ಅನ್ನ, ಮುದ್ದೆಗಳಿಂದ ಬಂದ ಸಕ್ಕರೆಯನ್ನು ಯಕೃತ್ತು ಈ ರೂಪದಲ್ಲಿ ಕೂಡಿಟ್ಟು, ಹೊಟ್ಟೆ ಬರಿದಾದಾಗ ಸ್ವಲ್ಪ ಸ್ವಲ್ಪವೇ ರಕ್ತಕ್ಕೆ ಬಿಡುತ್ತದೆ.

ಜಠರ, ಕರುಳುಗಳಿಂದ ಹೊರಟ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಮೊದಲು ಯಕೃತ್ತನ್ನು ಹಾದೇ ಸಾಗಬೇಕು. ಬೇಳೆ, ಮೊಟ್ಟೆಯ ಪ್ರೋಟೀನಿನ ಅಂಶಗಳು ಒಡೆದಾಗ ಅಮೋನಿಯ ಹುಟ್ಟುತ್ತದೆ. ಮಿದುಳಿಗೆ ಅದು ವಿಷ. ಯಕೃತ್ತು ಅದನ್ನು ಯೂರಿಯಾ ಆಗಿ ಮಾರ್ಪಡಿಸುತ್ತದೆ, ಮೂತ್ರಪಿಂಡಗಳು ಹೊರಹಾಕುತ್ತವೆ. ಯಕೃತ್ತನ್ನು ಜರಡಿಗೆ ಹೋಲಿಸುವುದು ವಾಡಿಕೆ. ಜರಡಿ ಕಸವನ್ನು ತಡೆಯುತ್ತದೆ, ಅಷ್ಟೆ. ಇದು ಕಸದ ಸ್ವರೂಪವನ್ನೇ ಬದಲಿಸುತ್ತದೆ.

ಜ್ವರದ ಮಗುವಿಗೆ ಕುಡಿಸುವ ಪ್ಯಾರಾಸಿಟಮಾಲ್ ಕೂಡ ಇದೇ ಬಾಗಿಲಲ್ಲಿ ಹಾಯಬೇಕು. ಅದರ ಬಹುಭಾಗವನ್ನು ಯಕೃತ್ತು ಅಪಾಯವಿಲ್ಲದಂತೆ ಸಾಗಹಾಕುತ್ತದೆ. ಸ್ವಲ್ಪ ಪಾಲು ಮಾತ್ರ ವಿಷವಾಗಿ ಮಾರ್ಪಡುತ್ತದೆ. ಅದನ್ನು ಅಡಗಿಸಲು ಯಕೃತ್ತಿನಲ್ಲಿ ಗ್ಲುಟಾಥಯೋನ್ ಎಂಬ ವಸ್ತುವಿನ ದಾಸ್ತಾನಿದೆ. ಔಷಧ ಅಳತೆ ಮೀರಿದರೆ ದಾಸ್ತಾನು ಬರಿದಾಗಿ, ವಿಷವು ಯಕೃತ್ತಿನ ಜೀವಕೋಶಗಳನ್ನೇ ಕೊಲ್ಲುತ್ತದೆ.

ಅಪ್ಪ ಅಮ್ಮಂದಿರು ಎಡವುವುದು ಚಮಚದಲ್ಲಿ. ಎಳೆಯ ಕೂಸುಗಳಿಗೆಂದು ಸಿಗುವ ಡ್ರಾಪ್ಸ್‌ನ ಒಂದು ಮಿ.ಲೀ.ನಲ್ಲಿ ಸಾಮಾನ್ಯವಾಗಿ 100 ಮಿ.ಗ್ರಾಂ. ಔಷಧವಿರುತ್ತದೆ. ಸಿರಪ್ಪಿನಲ್ಲಾದರೆ 5 ಮಿ.ಲೀ.ಗೆ 125 ಅಥವಾ 250 ಮಿ.ಗ್ರಾಂ. ಸಿರಪ್ ಎಂದುಕೊಂಡು 5 ಮಿ.ಲೀ. ಡ್ರಾಪ್ಸ್ ಕುಡಿಸಿದರೆ 500 ಮಿ.ಗ್ರಾಂ. ಒಳಗೆ ಹೋಯಿತು. ಅದು ದೊಡ್ಡವರ ಒಂದು ಮಾತ್ರೆ! ಕೆಲವು ನೆಗಡಿ ಸಿರಪ್ಪುಗಳಲ್ಲೂ ಇದೇ ಔಷಧ ಬೆರೆತಿರುತ್ತದೆ. ಸೀಸೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದದೆ ಎರಡನ್ನೂ ಕೊಡಬೇಡಿ. ಎಷ್ಟು ಕೊಡಬೇಕೆಂಬುದನ್ನು ಮಗುವಿನ ತೂಕ ನೋಡಿ ವೈದ್ಯರೇ ಹೇಳಲಿ.

ಪ್ರಮಾಣ ಮೀರಿದ ಮೊದಲ ದಿನ ಮಗು ಆಡಿಕೊಂಡೇ ಇರಬಹುದು. ಹಾಗೆಂದು ಕಾಯಬಾರದು. ಅಸಿಟೈಲ್‌ಸಿಸ್ಟೀನ್ ಎಂಬ ಮದ್ದು ಯಕೃತ್ತಿನ ಬರಿದಾದ ದಾಸ್ತಾನನ್ನು ಮತ್ತೆ ತುಂಬಿಸುತ್ತದೆ. 8 ಗಂಟೆಯೊಳಗೆ ಕೊಟ್ಟರೆ ಅದರ ಫಲ ಹೆಚ್ಚು. ಆಸ್ಪತ್ರೆಗೆ ಓಡುವಾಗ ಔಷಧದ ಸೀಸೆಯೂ ಜೊತೆಗಿರಲಿ. ವೈದ್ಯರು ಮೊದಲು ಕೇಳುವುದೇ ಏನು, ಎಷ್ಟು, ಎಷ್ಟು ಹೊತ್ತಿಗೆ ಕೊಟ್ಟಿರಿ ಎಂದು.