ಯಾರಿಗೆ ಯಾವ ಕಾದಂಬರಿ? — ದೊಡವಾಡದ ಸೀಮೆಯ ವಾಚಕರನ್ನು ಕುರಿತು ಕೆಲವು ವಿಚಾರಗಳು

ಇತಿಹಾಸವನ್ನು ಬೋಧಿಸುವವರು ಕಥಾಸಾಹಿತ್ಯದ ವಿಷಯವಾಗಿ ಬರೆಯಹೊರಡುವುದು ಕೆಲವರಿಗೆ ಅಧಿಕಪ್ರಸಂಗವೆಂದು ತೋರಬಹುದು. ಆದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಕಡೆಯಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗಳು ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ “ಸರ್, ಓದಲಿಕ್ಕೆ ಒಂದು ಚಲೋ ಕಾದಂಬರಿ ಹೇಳ್ರಿ” ಎಂಬುದು ಬಹಳ ಸಲ ಬರುತ್ತದೆ. ಅವರಲ್ಲಿ ಅನೇಕರು ತಮ್ಮ ಮನೆತನದಲ್ಲಿ ಪಠ್ಯೇತರ ಪುಸ್ತಕವನ್ನು ಕೈಗೆತ್ತಿಕೊಂಡ ಮೊದಲಿಗರು. ಅಂಥವನ ಕೈಗೆ ಹೊಂದದ ಪುಸ್ತಕವೊಂದನ್ನು ಕೊಟ್ಟರೆ ಅವನು ಅದನ್ನು ಹಿಂದಿರುಗಿಸುವುದಷ್ಟೇ ಅಲ್ಲ, ಗ್ರಂಥಾಲಯದ ಹೊಸ್ತಿಲನ್ನು ಮತ್ತೆ ತುಳಿಯದೆಯೂ ಇರಬಹುದು. ಆದುದರಿಂದ ಯಾವ ವಯಸ್ಸಿನವರಿಗೆ, ಯಾವ ರುಚಿಯವರಿಗೆ ಯಾವ ಕೃತಿಯನ್ನು ಸೂಚಿಸಬೇಕೆಂಬುದು ಉಪಾಧ್ಯಾಯವರ್ಗದವರು ವಿಚಾರಿಸಬೇಕಾದ ವಿಷಯವೆಂದು ನಾವು ಭಾವಿಸುತ್ತೇವೆ.

ಈ ಸೀಮೆಯ ವಾಚಕನ ಕಥಾಭಿರುಚಿಯು ಮುದ್ರಿತ ಪುಸ್ತಕದಿಂದ ಹುಟ್ಟಿದುದಲ್ಲ. ಶ್ರಾವಣಮಾಸದಲ್ಲಿ ಮಠಗಳಲ್ಲಿ ನಡೆಯುವ ಪುರಾಣಪ್ರವಚನ, ಗುಡಿಯ ಕಟ್ಟೆಯ ಮೇಲಿನ ಭಜನೆ, ಡಪ್ಪಿನ ಹಾಡು, ಸಣ್ಣಾಟ, ದೊಡ್ಡಾಟ ಮತ್ತು ಲಾವಣಿ, ಇವುಗಳಲ್ಲಿ ಅದು ಬೆಳೆದಿದೆ. ಕಿತ್ತೂರಿನ ಕಾಳಗದ ವೃತ್ತಾಂತವು ಲಾವಣಿಗಳಲ್ಲಿ ಹಾಡಲ್ಪಡುತ್ತಿತ್ತು; ಅಂಥವುಗಳಲ್ಲಿ ಕೆಲವನ್ನು ಜೆ. ಎಫ್. ಫ್ಲೀಟರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಅಚ್ಚು ಮಾಡಿಸಿದರು. ಎರೆಹೊಲದಲ್ಲಿ ದುಡಿದು ಬಂದು ರಾತ್ರಿ ಕಥೆ ಕೇಳುವವನಿಗೆ ಪ್ರಸಂಗ ದೀರ್ಘವಾದುದೆಂಬ ಬೇಸರವಿಲ್ಲ. ಕಥೆ ನಿಂತಲ್ಲಿ ನಿಂತು, ನಾಳೆ ಮುಂದುವರಿಯಬಹುದು. ಆದರೆ ಯಾರು ಒಳ್ಳೆಯವರು, ಯಾರು ಕೆಟ್ಟವರು ಎಂಬುದು ಅವನಿಗೆ ತಿಳಿಯಬೇಕು. ಕೊನೆಗೆ ನ್ಯಾಯ ಕಾಣಬೇಕು. ಈ ಅಭಿರುಚಿಯನ್ನು ಹಳ್ಳಿಗರ ಅಜ್ಞಾನವೆಂದು ತಳ್ಳಿಹಾಕಿ, ನಗರದ ವಿಮರ್ಶಕರು ಮೆಚ್ಚಿದ ಕೃತಿಯನ್ನೇ ಎಲ್ಲರಿಗೂ ಹಂಚುವ ಪದ್ಧತಿಯು ನಮಗೆ ಸಮ್ಮತವಾದುದಲ್ಲ.

ಕನ್ನಡ ಕಾದಂಬರಿಯ ಆರಂಭಕಾಲದವರು ಈ ಮರ್ಮವನ್ನು ಅರಿತಿದ್ದರು. ಗಳಗನಾಥರು (1869–1942) ಶಾಲಾಶಿಕ್ಷಕರಾಗಿದ್ದವರು. ಅವರು ತಮ್ಮ ಪುಸ್ತಕಗಳ ಗಂಟನ್ನು ಹೊತ್ತು ಊರೂರು ತಿರುಗಿ ಮಾರಿದುದು ಉತ್ತರ ಕರ್ನಾಟಕದಲ್ಲಿ ಇಂದಿಗೂ ಜನರ ಬಾಯಲ್ಲಿರುವ ಸಂಗತಿ. ಪುಸ್ತಕವನ್ನು ಹೊತ್ತು ಮಾರುವ ಲೇಖಕನಿಗೆ ಕೊಳ್ಳುವವನ ಮುಖ ಕಾಣುತ್ತದೆ. ಅವನು ಏನನ್ನು ಕೇಳುತ್ತಾನೆ, ಯಾವುದನ್ನು ತಿರುವಿಹಾಕಿ ಕೆಳಗಿಡುತ್ತಾನೆ ಎಂಬುದು ಗೊತ್ತಾಗುತ್ತದೆ. ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳನ್ನು ಕನ್ನಡಕ್ಕೆ ತಂದ ಗಳಗನಾಥರು, ವಿಜಯನಗರದ ಸ್ಥಾಪನೆಯನ್ನು ಕುರಿತ ‘ಮಾಧವ ಕರುಣಾವಿಲಾಸ’ವನ್ನು ಸ್ವತಂತ್ರವಾಗಿ ಬರೆದರು. ಮುಂಬಯಿ ಪ್ರಾಂತದ ಕನ್ನಡಿಗರು ಮರಾಠಿಯ ಮೂಲಕವೇ ತಮ್ಮ ಪೂರ್ವಕಾಲವನ್ನು ನೋಡುತ್ತಿದ್ದ ದಿನಗಳಲ್ಲಿ ಇದು ಸಣ್ಣ ಕೆಲಸವಾಗಿರಲಿಲ್ಲ. ಇಂದಿನ ತರುಣನಿಗೆ ಆ ಭಾಷೆ ತುಸು ಭಾರವೆನಿಸೀತು. ಆದರೆ ಪ್ರವಚನ ಕೇಳಿ ಬೆಳೆದ ಅರುವತ್ತು ದಾಟಿದ ಹಿರಿಯನಿಗೆ ಅದನ್ನು ಓದಿಹೇಳಿದರೆ ಅವನು ತಲೆದೂಗುವನು. ಆ ವಯಸ್ಸಿನವರಿಗೆ ನಾವು ಇದನ್ನೂ, ದೇವುಡು ಅವರ ‘ಮಹಾಬ್ರಾಹ್ಮಣ’ವನ್ನೂ, ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಕುರಿತು ಬಿ. ಪುಟ್ಟಸ್ವಾಮಯ್ಯನವರು 6 ಸಂಪುಟಗಳಲ್ಲಿ ಬರೆದ ಕಾದಂಬರಿಮಾಲೆಯನ್ನೂ ಸೂಚಿಸುತ್ತೇವೆ. ಈ ಮಾಲೆಯ ‘ಕ್ರಾಂತಿ ಕಲ್ಯಾಣ’ಕ್ಕೆ 1964ರ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ದೊರೆಯಿತು. ವಚನಗಳನ್ನು ಕಂಠಸ್ಥ ಮಾಡಿಕೊಂಡ ಮನೆತನಗಳಲ್ಲಿ ಈ ಸಂಪುಟಗಳು ಕೈಯಿಂದ ಕೈಗೆ ಹೋಗಬಲ್ಲವು.

ಮಕ್ಕಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಹತ್ತು ವರ್ಷದ ಒಳಗಿನವರಿಗೆ ಕಿವಿಯೇ ಪ್ರಧಾನ: ಪಂಜೆ ಮಂಗೇಶರಾಯರ ಕಥೆಗಳು, ಪಂಚತಂತ್ರ, ಸಿಂಪಿ ಲಿಂಗಣ್ಣನವರು ಸಂಗ್ರಹಿಸಿದ ಉತ್ತರ ಕರ್ನಾಟಕದ ಜನಪದ ಕಥೆಗಳು ಸಾಕಷ್ಟಿವೆ. 1949ರಲ್ಲಿ ಕನ್ನಡದಲ್ಲಿ ಹೊರಡತೊಡಗಿದ ‘ಚಂದಮಾಮ’ವು ಎರಡು ಮೂರು ತಲೆಮಾರುಗಳಿಗೆ ಓದಿನ ರುಚಿಯನ್ನು ಹತ್ತಿಸಿತು, ಅದು ನಿಂತುಹೋದ ಮೇಲೆ ಅದರ ಸ್ಥಾನವು ಬರಿದಾಗಿಯೇ ಇದೆ. ಹನ್ನೆರಡು-ಹದಿಮೂರರ ವಯಸ್ಸಿಗೆ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ ಎಂಬ ಮಕ್ಕಳ ಕಾದಂಬರಿಯನ್ನು ವಿಶೇಷವಾಗಿ ಹೆಸರಿಸಬೇಕು. ಇದಕ್ಕೆ 2011ರಲ್ಲಿ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ ಬಂದಿತು. ಅದರ ಹಿನ್ನೆಲೆಯು ಮಲೆನಾಡಿನದು. ಆದರೂ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟಿನಿಂದ ನೆಲ ಕಳೆದುಕೊಂಡ ಕುಟುಂಬಗಳು ಸವದತ್ತಿಯ ಸುತ್ತಲೂ ಇವೆ. ಅಲ್ಲಿಯ ಹುಡುಗನಿಗೆ ‘ಮುಳುಗಡೆ’ ಎಂಬ ಶಬ್ದಕ್ಕೆ ಟಿಪ್ಪಣಿ ಬೇಕಾಗುವುದಿಲ್ಲ. ತನ್ನ ಅಜ್ಜನ ಬಾಯಲ್ಲಿ ಕೇಳಿದ ಮಾತು ಪುಸ್ತಕದಲ್ಲಿಯೂ ಬರುತ್ತದೆಂಬುದು ತಿಳಿದ ಹುಡುಗನು ಎರಡನೆಯ ಪುಸ್ತಕವನ್ನು ತಾನಾಗಿಯೇ ಕೇಳುತ್ತಾನೆ.

ಹದಿನೈದರಿಂದ ಹದಿನೆಂಟರ ವಯಸ್ಸು ಅತ್ಯಂತ ಸೂಕ್ಷ್ಮವಾದುದು. ಈ ಕಾಲದಲ್ಲಿ ಹುಡುಗರು ಸಾಹಸವನ್ನೂ ಕುತೂಹಲವನ್ನೂ ಬಯಸುತ್ತಾರೆ. ಉಪಾಧ್ಯಾಯರಾದರೋ ‘ಗಂಭೀರ ಸಾಹಿತ್ಯ’ವನ್ನು ಓದಿರೆಂದು ಒತ್ತಾಯಿಸುತ್ತಾರೆ. ಎನ್. ನರಸಿಂಹಯ್ಯನವರು 1952ರಲ್ಲಿ ‘ಪತ್ತೇದಾರ ಪುರುಷೋತ್ತಮನ ಸಾಹಸ’ದಿಂದ ಆರಂಭಿಸಿ ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದರು. ಅವರ ಶಾಲಾಶಿಕ್ಷಣ ಪ್ರಾಥಮಿಕ ತರಗತಿಗಳಲ್ಲಿಯೇ ಮುಗಿದಿತ್ತು. ವಿಮರ್ಶಕರು ಆ ಕೃತಿಗಳನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಆದರೆ ಕನ್ನಡ ಓದುವ ಅಭ್ಯಾಸವನ್ನು ಸಾಮಾನ್ಯರಲ್ಲಿ ಬೆಳೆಸಿದವರಲ್ಲಿ ಅವರೂ ಒಬ್ಬರೆಂಬುದನ್ನು ಮರೆಯಲಾಗದು. ಪತ್ತೇದಾರಿಯಿಂದ ತೇಜಸ್ವಿಯವರ ‘ಕರ್ವಾಲೊ’ವಿಗೆ (1980) ಒಂದೇ ಹೆಜ್ಜೆ: ಅಲ್ಲಿಯೂ ಹುಡುಕಾಟವಿದೆ, ಕಾಡಿದೆ, ನಗೆಯಿದೆ. ಹಾರುವ ಓತಿಯ ಬೆನ್ನುಹತ್ತಿದ ಓದುಗನು, ತಾನು ಅರಿಯದಂತೆಯೇ, ಜೀವವಿಕಾಸದ ಕೋಟ್ಯಂತರ ವರ್ಷಗಳ ಎದುರು ನಿಲ್ಲುತ್ತಾನೆ. ವಿಜ್ಞಾನದ ವಿದ್ಯಾರ್ಥಿಗಳಿಗೆ ನಾವು ಮೊದಲು ಕೊಡುವ ಪುಸ್ತಕ ಇದು.

ಇನ್ನು ನಮ್ಮ ಶಾಸ್ತ್ರಕ್ಕೆ ನೇರವಾಗಿ ಸಂಬಂಧಿಸಿದ ಐತಿಹಾಸಿಕ ಕಾದಂಬರಿಗಳಿಗೆ ಬರೋಣ. ಇಲ್ಲಿ ತುಸು ನಿಲ್ಲಬೇಕಾಗಿದೆ. ದೊಡವಾಡದ ಸುತ್ತಲಿನ ನೆಲವು ಇತಿಹಾಸದಿಂದ ತುಂಬಿದುದು. ಕಿತ್ತೂರು, ಸಂಗೊಳ್ಳಿ, ಬೆಳವಡಿಗಳು ಇದೇ ಸೀಮೆಯವು. ರಾಣಿ ಚನ್ನಮ್ಮನು 1829ರಲ್ಲಿ ಬಂದಿಯಾಗಿಯೇ ತೀರಿಕೊಂಡುದು ಬೈಲಹೊಂಗಲದಲ್ಲಿ, ಅವಳ ಸಮಾಧಿಯೂ ಅಲ್ಲಿಯೇ ಇದೆ. ಇಲ್ಲಿಯ ವಿದ್ಯಾರ್ಥಿಯು 1824ರ ಅಕ್ಟೋಬರ್ 23ರ ವಿಜಯವನ್ನು ಬಲ್ಲನು. ಆ ದಿನ ಮಡಿದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆಯ ಹೆಸರನ್ನೂ ಬಲ್ಲನು. (ಈ ಥ್ಯಾಕರೆಯು ‘ವ್ಯಾನಿಟಿ ಫೇರ್’ ಬರೆದ ಇಂಗ್ಲಿಷ್ ಕಾದಂಬರಿಕಾರನ ಚಿಕ್ಕಪ್ಪನೆಂಬುದು ಕಾದಂಬರಿಯ ಮಾತಿನಲ್ಲಿ ನೆನೆಯಬಹುದಾದ ವಿಚಿತ್ರ.) ಆದರೆ ಡಿಸೆಂಬರಿನ ಮೊದಲ ವಾರದಲ್ಲಿ ಅದೇ ಕೋಟೆ ಏಕೆ ಬಿದ್ದಿತೆಂದು ಕೇಳಿದರೆ ಅವನ ಉತ್ತರ ಒಂದೇ: ದ್ರೋಹ. ಲಾವಣಿ, ನಾಟಕಗಳೂ, 1961ರಲ್ಲಿ ಬಿ. ಆರ್. ಪಂತುಲು ಅವರು ನಿರ್ಮಿಸಿದ ಚಲನಚಿತ್ರವೂ ಅವನಿಗೆ ಈ ಉತ್ತರವನ್ನು ಕಲಿಸಿವೆ. ದ್ರೋಹ ನಡೆಯಲಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ದತ್ತಕವನ್ನು ಒಪ್ಪದ ಕಂಪನಿಯ ರಾಜನೀತಿ, ಪೇಶ್ವೆಯ ಪತನಾನಂತರ ದೇಸಗತಿಗಳಿಗೆ ಒದಗಿದ ದುರ್ಬಲ ಸ್ಥಿತಿ, ಎರಡನೆಯ ಸಲ ಕೂಡಿಬಂದ ಸೈನ್ಯದ ಬಲ, ಇವೆಲ್ಲ ಒಬ್ಬ ಖಳನ ಬೆನ್ನ ಹಿಂದೆ ಮರೆಯಾಗಿಬಿಡುತ್ತವೆ.

ಈ ವಿದ್ಯಾರ್ಥಿಗೆ ಕಿತ್ತೂರನ್ನೇ ಕುರಿತ ಇನ್ನೊಂದು ಕಥೆಯನ್ನು ಕೊಟ್ಟು ಪ್ರಯೋಜನವಿಲ್ಲ. ನಮ್ಮ ಸೂಚನೆಯು ಮಾಸ್ತಿಯವರ ‘ಚಿಕವೀರ ರಾಜೇಂದ್ರ’ (1956). ಕಿತ್ತೂರು ಬಿದ್ದ ಹತ್ತು ವರ್ಷಗಳ ಮೇಲೆ, 1834ರಲ್ಲಿ, ಕೊಡಗು ಕಂಪನಿಯ ಕೈಸೇರಿತು. ಅದೂ ಸಣ್ಣ ಸಂಸ್ಥಾನ, ಅದೂ ವೀರಶೈವ ಅರಸುಮನೆತನ. ಆದರೆ ಅಲ್ಲಿ ಅಭಿಮಾನಪಡಲು ವಾಚಕನಿಗೆ ಅವಕಾಶವಿಲ್ಲ. ಅರಸನೇ ಕ್ರೂರಿ, ಅವನ ಸಂಗಾತಿ ಕುಂಟ ಬಸವ. ಬೋಪಣ್ಣ, ಲಕ್ಷ್ಮೀನಾರಾಯಣಯ್ಯ ಎಂಬ ಮಂತ್ರಿಗಳು ಸ್ವಾಮಿನಿಷ್ಠೆ ಮತ್ತು ಪ್ರಜಾಹಿತಗಳ ನಡುವೆ ಸಿಕ್ಕಿಕೊಂಡಿದ್ದಾರೆ. ಅವರನ್ನು ದ್ರೋಹಿಗಳೆನ್ನಬೇಕೆ, ಹೊಣೆಯರಿತವರೆನ್ನಬೇಕೆ? ಈ ಪ್ರಶ್ನೆಯನ್ನು ಕೊಡಗಿನ ವಿಷಯದಲ್ಲಿ ಸಮಾಧಾನದಿಂದ ಕೇಳಿಕೊಂಡ ವಿದ್ಯಾರ್ಥಿಯು ಕಿತ್ತೂರಿನ ಕಡೆಗೆ ತಿರುಗಿದಾಗ ಅವನ ನೋಟವು ಬದಲಾಗಿರುತ್ತದೆ. ಒಂದು ಎಚ್ಚರಿಕೆಯನ್ನು ಮಾತ್ರ ಕೊಡಬೇಕು: ಕೊಡಗಿನ ಕೊನೆಯ ಅರಸನ ದುರಾಚಾರಗಳ ವೃತ್ತಾಂತವು ಬಹುಮಟ್ಟಿಗೆ ಅವನ ರಾಜ್ಯವನ್ನು ಕಸಿದುಕೊಂಡವರ ಬರಹಗಳಿಂದ ಬಂದುದು, ತಮ್ಮ ಕೃತ್ಯವನ್ನು ಸಮರ್ಥಿಸಿಕೊಳ್ಳುವ ಅಗತ್ಯ ಅವರಿಗಿತ್ತು. ಕಾದಂಬರಿಕಾರನು ಈ ಸಾಮಗ್ರಿಯನ್ನು ಬಳಸಬಹುದು, ಅದು ಅವನ ಹಕ್ಕು. ಇತಿಹಾಸದ ವಿದ್ಯಾರ್ಥಿಯು ಅದನ್ನು ಒರೆಗೆ ಹಚ್ಚಬೇಕು. ಬಿದನೂರಿನ ಅವಸಾನಕಾಲವನ್ನು ಚಿತ್ರಿಸುವ ‘ಚೆನ್ನಬಸವನಾಯಕ’ವೂ ಇದೇ ಸಾಲಿಗೆ ಸೇರುತ್ತದೆ.

ತ. ರಾ. ಸು. ಅವರ ‘ದುರ್ಗಾಸ್ತಮಾನ’ದ (1982) ಮಾತು ಬೇರೆ. 1779ರಲ್ಲಿ ಹೈದರಾಲಿಗೆ ವಶವಾದ ಚಿತ್ರದುರ್ಗದ ಕಥೆಯನ್ನು ಅಲ್ಲಿಯವರೇ ಆದ ಅವರು ಎದೆತುಂಬಿ ಬರೆದಿದ್ದಾರೆ. ವೀರರಸವನ್ನು ಬಯಸುವವನಿಗೆ ಇದಕ್ಕಿಂತ ಒಳ್ಳೆಯದು ಕನ್ನಡದಲ್ಲಿ ವಿರಳ. ಆದರೆ ಅದರ ಗಾತ್ರವನ್ನು ಕಂಡು ಹೊಸ ಓದುಗನು ಹಿಂಜರಿಯುತ್ತಾನೆ. ಮೊದಲು ಅದೇ ದುರ್ಗದ ಹಿನ್ನೆಲೆಯಿರುವ, ಗಾತ್ರದಲ್ಲಿ ಚಿಕ್ಕದಾದ ‘ಹಂಸಗೀತೆ’ಯನ್ನು ಓದಿಸಿ, ಆಮೇಲೆ ಇದನ್ನು ಕೊಡುವುದು ಲೇಸು.

ಬೆಳವಡಿ ಮಲ್ಲಮ್ಮನ ಪ್ರಸಂಗವು ಇನ್ನೊಂದು ತೊಡಕನ್ನು ತರುತ್ತದೆ. ಶಿವಾಜಿಯ ದಕ್ಷಿಣದಂಡಯಾತ್ರೆ ಮುಗಿದು ಸೈನ್ಯವು ಹಿಂದಿರುಗುವಾಗ, 1678ರ ಸುಮಾರಿನಲ್ಲಿ, ಇಲ್ಲಿಯ ಗಢಿಯನ್ನು ಹಿಡಿದು ಕಾದಾಡಿದ ದೇಸಗತಿಯ ಹೆಣ್ಣುಮಗಳನ್ನು ಮರಾಠಿಯ ಬಖರಿನ ಸಂಪ್ರದಾಯವು ಸಾವಿತ್ರಿಬಾಯಿ ಎನ್ನುತ್ತದೆ; ನಮ್ಮ ಜನ ಮಲ್ಲಮ್ಮನೆನ್ನುತ್ತಾರೆ. ಅವಳಿಗೂ ಶಿವಾಜಿಗೂ ನಡೆದ ಸಂಭಾಷಣೆಯನ್ನು ಕಥೆಗಾರರು ತಮತಮಗೆ ಬೇಕಾದಂತೆ ರಚಿಸಿಕೊಂಡಿದ್ದಾರೆ. ಇಂಥ ಕಥೆಗಳನ್ನು ಓದಬಾರದೆಂದು ನಿಷೇಧಿಸುವುದು ವ್ಯರ್ಥ, ಸತ್ಯವೆಂದು ಪ್ರಮಾಣಪತ್ರ ಕೊಡುವುದು ಅಪಾಯ. ಗಡಿಯ ಜಿಲ್ಲೆಯಲ್ಲಿ ಕಥೆಯೊಂದು ಕಲಹಕ್ಕೆ ಕಿಡಿಯಾಗಲು ಬಹಳ ಹೊತ್ತು ಬೇಕಾಗುವುದಿಲ್ಲ. ಹೆಸರೇ ಎರಡಾಗಿರುವ ವ್ಯಕ್ತಿಯ ಮಾತುಗಳನ್ನು ಬರೆದುಕೊಂಡವರಾರು ಎಂದು ತರಗತಿಯಲ್ಲಿ ಕೇಳಿದರೆ ಸಾಕು. ವಿದ್ಯಾರ್ಥಿಗಳು ಉಳಿದುದನ್ನು ತಾವೇ ಊಹಿಸಿಕೊಳ್ಳುತ್ತಾರೆ, ಕಥೆಯ ಸವಿಯೂ ಕೆಡುವುದಿಲ್ಲ.

ಇತಿಹಾಸದಲ್ಲಿ ಆಸಕ್ತಿಯಿಲ್ಲದವರೂ ಇದ್ದಾರೆ, ಇರಬೇಕು. ತಮ್ಮ ಸುತ್ತಲಿನ ಬಾಳನ್ನೇ ಪುಸ್ತಕದಲ್ಲಿ ಕಾಣಬಯಸುವವರಿಗೆ ಬೆಳಗಾವಿ ಜಿಲ್ಲೆಯೇ ಸಾಕಷ್ಟನ್ನು ಕೊಟ್ಟಿದೆ. ಶೇಡಬಾಳದ ಮಿರ್ಜಿ ಅಣ್ಣಾರಾಯರ ‘ನಿಸರ್ಗ’ದಲ್ಲಿ ಗಡಿನಾಡಿನ ಒಕ್ಕಲು ಮನೆಗಳ ನುಡಿಯೇ ಇದೆ. ಗೋಕಾಕ ತಾಲೂಕಿನ ಮಲಾಮರಡಿಯ ಬಸವರಾಜ ಕಟ್ಟೀಮನಿಯವರ ‘ಮಾಡಿ ಮಡಿದವರು’ 1942ರ ಚಳವಳಿಯ ಕಾವನ್ನು ಹಿಡಿದಿಟ್ಟಿದೆ. ಹುತಾತ್ಮರ ಹೆಸರಿನ ಚೌಕವನ್ನು ದಿನವೂ ದಾಟಿಹೋಗುವ ತರುಣರು ಇದನ್ನು ಓದಬೇಕು. ಘೋಡಗೇರಿಯ ಚಂದ್ರಶೇಖರ ಕಂಬಾರರ ‘ಕರಿಮಾಯಿ’ಯನ್ನು (1975), ದೇವಿಯ ಜಾತ್ರೆ ಇರುವ ಊರಿನ ಓದುಗನು ನಗುತ್ತ ಓದಲಾರಂಭಿಸಿ ನಡುವೆ ಮೌನವಾಗುತ್ತಾನೆ. ರಾವಬಹಾದ್ದೂರರ ‘ಗ್ರಾಮಾಯಣ’ವು (1957) ಇವುಗಳಲ್ಲಿ ಅತ್ಯಂತ ಕಠೋರವಾದುದು: ಪಕ್ಷಪಂಗಡಗಳಿಂದ ಊರೊಂದು ಹಾಳಾಗುವ ಬಗೆಯನ್ನು ಅದು ದಾಕ್ಷಿಣ್ಯವಿಲ್ಲದೆ ತೋರಿಸುತ್ತದೆ. ನಮ್ಮ ಅಭಿಪ್ರಾಯದಲ್ಲಿ ಅದನ್ನು ಹದಿನೆಂಟರ ಹುಡುಗನಿಗಿಂತ ಪಂಚಾಯತಿಯ ಚುನಾವಣೆಯನ್ನು ಒಂದೆರಡು ಸಲ ಕಂಡ ಮೂವತ್ತರ ಗೃಹಸ್ಥನಿಗೆ ಕೊಡುವುದು ಉಚಿತ. ಪುಸ್ತಕದ ಕಾಠಿಣ್ಯವು ಭಾಷೆಯಲ್ಲಿಯೇ ಇರಬೇಕೆಂದಿಲ್ಲ. ಅನುಭವದ ಕೊರತೆಯಿಂದಲೂ ಸುಲಭವಾದ ಪುಸ್ತಕ ಕಠಿನವಾಗುತ್ತದೆ.

ಹೆಣ್ಣುಮಕ್ಕಳಿಗೆ ಬೇರೆಯದೇ ಪಟ್ಟಿ ಬೇಕೆಂಬ ವಾದವನ್ನು ನಾವು ಪೂರ್ತಿಯಾಗಿ ಒಪ್ಪುವುದಿಲ್ಲ. ಗೋಕಾಕದಲ್ಲಿ ನೆಲೆಸಿ ಬರೆದ ಕೃಷ್ಣಮೂರ್ತಿ ಪುರಾಣಿಕರ ಕೌಟುಂಬಿಕ ಕಾದಂಬರಿಗಳು ಮನೆಮನೆಯ ಹೆಂಗಸರ ಓದಾಗಿದ್ದವು, ನಿಜ. ಆದರೆ ತ್ರಿವೇಣಿಯವರ ‘ಶರಪಂಜರ’ವನ್ನೂ, ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ವನ್ನೂ (1976), ಕಾಸರಗೋಡಿನ ಸೀಮೆಯ ಮುಸ್ಲಿಂ ಕುಟುಂಬದ ಕಥೆಯಾದ ಸಾರಾ ಅಬೂಬಕರರ ‘ಚಂದ್ರಗಿರಿಯ ತೀರದಲ್ಲಿ’ಯನ್ನೂ ಮೊದಲು ಓದಬೇಕಾದವರು ಗಂಡುಮಕ್ಕಳೇ. ಬಾಲವಿಧವೆಯೊಬ್ಬಳ ದೀರ್ಘ ಜೀವನವನ್ನು ಹೇಳುವ ‘ಫಣಿಯಮ್ಮ’ವು ಹತ್ತೊಂಬತ್ತನೆಯ ಶತಮಾನದ ಸಮಾಜಸುಧಾರಣೆಯ ಪಾಠಕ್ಕೆ ಎಷ್ಟೋ ಶಾಸನಗ್ರಂಥಗಳಿಗಿಂತ ಹೆಚ್ಚು ನೆರವಾಗುತ್ತದೆ.

ಒಬ್ಬೊಬ್ಬ ಓದುಗನಿಗೂ ಅವನ ಪುಸ್ತಕ ಸಿಕ್ಕಬೇಕು, ಒಂದೊಂದು ಪುಸ್ತಕಕ್ಕೂ ಅದರ ಓದುಗ ಸಿಕ್ಕಬೇಕು ಎಂಬ ತತ್ತ್ವವನ್ನು ಎಸ್. ಆರ್. ರಂಗನಾಥನ್ ಅವರು 1931ರಲ್ಲಿಯೇ ಪ್ರತಿಪಾದಿಸಿದರು. ನಮ್ಮ ರಾಜ್ಯದಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮವು 1965ರಲ್ಲಿ ಬಂದಿತು. ಗ್ರಾಮ ಪಂಚಾಯತಿಯ ಗ್ರಂಥಾಲಯಗಳು ಈಚೆಗೆ ‘ಅರಿವು ಕೇಂದ್ರ’ಗಳೆಂಬ ಹೆಸರನ್ನು ಪಡೆದಿವೆ. ಅಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ಪುಸ್ತಕಗಳು ಮುಂದಿನ ಸಾಲಿನಲ್ಲಿರುತ್ತವೆ, ಕಾದಂಬರಿಗಳು ಹಿಂದೆ. ನೌಕರಿಯ ಚಿಂತೆಯಿರುವ ತರುಣನನ್ನು ಇದಕ್ಕಾಗಿ ದೂರಲಾಗದು. ಆದರೆ ಪರೀಕ್ಷೆ ಮುಗಿದ ವಾರದಲ್ಲಿ ಅವನ ಕೈ ಬರಿದಾಗಿರುತ್ತದೆ. ಆ ವಾರವನ್ನು ಉಪಾಧ್ಯಾಯನು ಗುರುತಿಸಿಟ್ಟುಕೊಳ್ಳಬೇಕು.

ಪಟ್ಟಿ ತಯಾರಿಸಹೊರಡುವ ಸಹೋದ್ಯೋಗಿಗಳಿಗೆ ಒಂದು ಸೂಚನೆಯಿದೆ. ಮೊದಲು ತಮ್ಮ ಗ್ರಂಥಾಲಯದ ಎರವಲು ದಫ್ತರವನ್ನು ತೆರೆದು, ಒಬ್ಬೊಬ್ಬ ವಿದ್ಯಾರ್ಥಿಯು ಯಾವ ಪುಸ್ತಕದ ನಂತರ ಯಾವ ಪುಸ್ತಕವನ್ನು ಒಯ್ದಿದ್ದಾನೆಂಬುದನ್ನು ನೋಡಬೇಕು. ಯಾವುದನ್ನು ಎರಡನೆಯ ದಿನವೇ ಹಿಂದಿರುಗಿಸಿದ್ದಾನೆ, ಯಾವುದಕ್ಕೆ ದಂಡ ತೆತ್ತಿದ್ದಾನೆ ಎಂಬುದನ್ನೂ ಗಮನಿಸಬೇಕು. ದಂಡ ತೆತ್ತು ಇಟ್ಟುಕೊಂಡ ಪುಸ್ತಕಗಳ ಹೆಸರುಗಳನ್ನು ಬೇರೆ ಹಾಳೆಯ ಮೇಲೆ ಬರೆದುಕೊಂಡು, ಪಟ್ಟಿಯನ್ನು ಅಲ್ಲಿಂದ ಆರಂಭಿಸಬಹುದು.