ಯುವನಿಧಿ: ಅರ್ಹತೆಯ ನಿಯಮಗಳನ್ನು ಮನೆಮಂದಿ ಓದಿಕೊಳ್ಳಲಿ

ಪದವಿ ಮುಗಿಸಿದ ಮಗನಿಗೋ ಮಗಳಿಗೋ ಕೆಲಸ ಸಿಗುವ ತನಕದ ದಿನಗಳು ಯಾವ ಕುಟುಂಬಕ್ಕೂ ಸುಲಭದವಲ್ಲ. ಈ ಅವಧಿಯ ಆಸರೆಗೆಂದು ಕರ್ನಾಟಕ ಸರಕಾರವು ತನ್ನ ಐದು ಗ್ಯಾರಂಟಿಗಳಲ್ಲಿ ಕೊನೆಯದಾದ ಯುವನಿಧಿ ಯೋಜನೆಗೆ 2023ರ ಡಿಸೆಂಬರ್ 26ರಂದು ನೋಂದಣಿ ಆರಂಭಿಸಿ, 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಹಣ ಪಾವತಿಗೆ ಚಾಲನೆ ನೀಡಿತು. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿ. ಅವಧಿ ಗರಿಷ್ಠ ಎರಡು ವರ್ಷ; ಅದಕ್ಕೆ ಮೊದಲೇ ಕೆಲಸ ದೊರೆತರೆ ಭತ್ಯೆ ಅಲ್ಲಿಗೇ ನಿಲ್ಲುತ್ತದೆ.

ನಿರುದ್ಯೋಗಿಗಳಾದ ಮಾತ್ರಕ್ಕೆ ಎಲ್ಲರಿಗೂ ಇದು ದೊರೆಯುವುದೆಂಬ ಭಾವನೆ ಅನೇಕರಲ್ಲಿದೆ. ವಾಸ್ತವವು ಬೇರೆಯೇ ಇದೆ. ಇಲ್ಲಿ ಅರ್ಹತೆಯನ್ನು ನಿರ್ಧರಿಸುವುದು ಕಷ್ಟದ ಪ್ರಮಾಣವಲ್ಲ, ತೇರ್ಗಡೆಯಾದ ವರ್ಷ. ಮೊದಲು 2022-23ನೇ ಸಾಲಿನಲ್ಲಿ ತೇರ್ಗಡೆಯಾದವರಿಗೆ ಮಾತ್ರ ಅವಕಾಶವಿತ್ತು; ಬಳಿಕ 2023-24ರವರಿಗೂ ವಿಸ್ತರಿಸಲಾಯಿತು. ಕೊರೋನಾ ಕಾಲದಲ್ಲಿ, ಅಂದರೆ 2020ರಲ್ಲೋ 2021ರಲ್ಲೋ ಪದವಿ ಪಡೆದು, ನೇಮಕಾತಿಗಳೇ ನಿಂತುಹೋಗಿದ್ದ ದಿನಗಳಲ್ಲಿ ಕೆಲಸ ಅರಸಿ ಅಲೆದ ಯುವಕರಿಗೆ ಇದರಲ್ಲಿ ಸ್ಥಾನವಿಲ್ಲ. ಸರಕಾರದ ಬೊಕ್ಕಸಕ್ಕೆ ಮಿತಿಯಿದೆ ಎಂಬುದು ನಿಜ. ಆದರೂ ಅತಿ ಹೆಚ್ಚು ನೊಂದವರನ್ನೇ ಹೊರಗಿಟ್ಟ ಗೆರೆ ಇದು ಎಂದು ಹೇಳದೆ ವಿಧಿಯಿಲ್ಲ. ಪಿಯುಸಿಗೇ ಓದು ನಿಲ್ಲಿಸಿದವರಂತೂ ಯೋಜನೆಯ ಪರಿಧಿಗೇ ಬರುವುದಿಲ್ಲ.

ತೇರ್ಗಡೆಯಾದ ಬಳಿಕ 180 ದಿನ ಕೆಲಸವಿಲ್ಲದೆ ಕಳೆದಿರಬೇಕು ಎಂಬುದು ಎರಡನೆಯ ನಿಯಮ. ಮೂರನೆಯದು, ಪದವಿ ಅಥವಾ ಡಿಪ್ಲೊಮಾದವರೆಗಿನ ವ್ಯಾಸಂಗದಲ್ಲಿ ಕನಿಷ್ಠ ಆರು ವರ್ಷ ಕರ್ನಾಟಕದಲ್ಲಿ ಕಲಿತಿರಬೇಕೆಂಬುದು. ಕರಾವಳಿಯ ನಮ್ಮ ಕುಟುಂಬಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ತಂದೆ ಕೊಲ್ಲಿ ರಾಷ್ಟ್ರದಲ್ಲೋ ಮುಂಬಯಿಯಲ್ಲೋ ದುಡಿಯುತ್ತಿದ್ದು, ಮಕ್ಕಳು ಹತ್ತನೆಯ ತರಗತಿಯವರೆಗೆ ಅಲ್ಲಿಯೇ ಕಲಿತು, ಪಿಯುಸಿಗೆ ಊರಿಗೆ ಮರಳುವುದು ನಮ್ಮಲ್ಲಿ ಸಾಮಾನ್ಯ. ಅಂಥ ವಿದ್ಯಾರ್ಥಿಯು ಎರಡು ವರ್ಷದ ಪಿಯುಸಿ ಮತ್ತು ಮೂರು ವರ್ಷದ ಬಿ.ಕಾಂ. ಮುಗಿಸಿದರೆ ಲೆಕ್ಕಕ್ಕೆ ಬರುವುದು ಐದೇ ವರ್ಷ. ಅವನ ಜೊತೆಗೇ ಊರಿಗೆ ಬಂದು ನಾಲ್ಕು ವರ್ಷದ ಇಂಜಿನಿಯರಿಂಗ್ ಕಲಿತವನಿಗೆ ಆರು ತುಂಬುತ್ತದೆ! ಇಬ್ಬರೂ ಒಂದೇ ಬೀದಿಯವರಾಗಿರಬಹುದು.

ಅರ್ಜಿ ಸಲ್ಲಿಸಬೇಕಾದುದು ಸೇವಾ ಸಿಂಧು ಪೋರ್ಟಲಿನಲ್ಲಿ. ಪದವಿ ಪ್ರಮಾಣಪತ್ರವು ನ್ಯಾಷನಲ್ ಅಕಾಡೆಮಿಕ್ ಡಿಪಾಸಿಟರಿಯಲ್ಲಿ ದಾಖಲಾಗಿರಬೇಕು. ಇಲ್ಲವಾದರೆ ಮೊದಲು ವಿಶ್ವವಿದ್ಯಾಲಯವನ್ನು ಸಂಪರ್ಕಿಸುವುದು ಒಳಿತು. ಹಣ ಬರುವುದು ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಗೆ ಮಾತ್ರ.

ಇನ್ನು ಹೊರಗುಳಿಯುವವರ ವಿಚಾರ. ಉನ್ನತ ವ್ಯಾಸಂಗ ಮುಂದುವರಿಸಿದವರು, ಸರಕಾರಿ ಅಥವಾ ಖಾಸಗಿ ನೌಕರಿಯಲ್ಲಿರುವವರು, ಅಪ್ರೆಂಟಿಸ್ ವೇತನ ಪಡೆಯುವವರು, ಸರಕಾರಿ ಯೋಜನೆಯಡಿ ಸಾಲ ಪಡೆದು ಸ್ವಂತ ಉದ್ಯೋಗ ಹೂಡಿದವರು ಅರ್ಹರಲ್ಲ. ಇದನ್ನು ಕೇಳಿ, ಭತ್ಯೆ ತಪ್ಪಿಹೋದೀತೆಂದು ಮಕ್ಕಳನ್ನು ತರಬೇತಿಗೆ ಕಳುಹಿಸದಿರುವ ಯೋಚನೆ ಕೆಲವು ಹೆತ್ತವರಿಗೆ ಬರಬಹುದು. ಅದು ಶುದ್ಧ ನಷ್ಟದ ವ್ಯವಹಾರ. 2019ರಲ್ಲಿ ತಿದ್ದುಪಡಿಯಾದ ಅಪ್ರೆಂಟಿಸ್ ನಿಯಮಗಳೇ ಪದವೀಧರ ಅಭ್ಯರ್ಥಿಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ನಿಗದಿಪಡಿಸಿದ್ದವು. ಅದು ಭತ್ಯೆಯ ಮೂರು ಪಟ್ಟು. ಮೇಲಾಗಿ ಕೈಗೊಂದು ಕಸುಬು.

ಸಾಲದ ವಿಷಯವೂ ಹಾಗೆಯೇ. ಯುವನಿಧಿಯ ಎರಡು ವರ್ಷದ ಮೊತ್ತ ಪದವೀಧರನಿಗೆ 72,000 ರೂಪಾಯಿ. 2008ರಲ್ಲಿ ಕೇಂದ್ರ ಸರಕಾರ ಆರಂಭಿಸಿದ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮದ ನಿಯಮಗಳಲ್ಲಿ ಅಲ್ಪಸಂಖ್ಯಾತರು ವಿಶೇಷ ವರ್ಗಕ್ಕೆ ಸೇರುತ್ತಾರೆ. ಕ್ರೈಸ್ತರಿಗೂ ಇದು ಅನ್ವಯಿಸುತ್ತದೆ. ಸ್ವಂತ ವಂತಿಗೆ ಶೇಕಡಾ 5. ಸಹಾಯಧನ ನಗರದಲ್ಲಿ ಶೇಕಡಾ 25, ಗ್ರಾಮಾಂತರದಲ್ಲಿ ಶೇಕಡಾ 35. ಹಳ್ಳಿಯಲ್ಲಿ ಹತ್ತು ಲಕ್ಷದ ಘಟಕ ಆರಂಭಿಸುವವನಿಗೆ ಸಹಾಯಧನವೇ ಮೂರೂವರೆ ಲಕ್ಷವಾಯಿತು. ಉದ್ಯಮದ ಧೈರ್ಯ, ಸಾಲ ತೀರಿಸುವ ಶಕ್ತಿ ಎಲ್ಲರಿಗೂ ಇರುವುದಿಲ್ಲ, ಒಪ್ಪೋಣ. ಇರುವವನು ಮಾತ್ರ 3,000 ರೂಪಾಯಿಗೆ ಕಟ್ಟುಬಿದ್ದು ಕೂರಬೇಕಾಗಿಲ್ಲ.

ಭತ್ಯೆ ಪಡೆಯುವವರು ತಾವಿನ್ನೂ ನಿರುದ್ಯೋಗಿಗಳೆಂದು ಕಾಲಕಾಲಕ್ಕೆ ಸ್ವಯಂ ಘೋಷಣೆ ಸಲ್ಲಿಸಬೇಕು. ಮರೆತರೆ ಹಣ ನಿಲ್ಲುತ್ತದೆ. ಕೆಲಸ ದೊರೆತುದನ್ನು ಮುಚ್ಚಿಟ್ಟರೆ ದಂಡಕ್ಕೆ ಅವಕಾಶವಿದೆ. ನೆಂಟರ ಅಂಗಡಿಯಲ್ಲಿ ಸಂಬಳಕ್ಕೆ ನಿಂತರೂ ಅದು ಖಾಸಗಿ ನೌಕರಿಯೇ. "ಸಣ್ಣ ಸಂಬಳ, ಯಾರಿಗೆ ತಿಳಿಯುತ್ತದೆ" ಎಂದು ಹಿರಿಯರು ಹೇಳಿಕೊಡುವ ಮೊದಲು, ಆ ಘೋಷಣೆ ಯಾರ ಹೆಸರಿನಲ್ಲಿ ದಾಖಲಾಗುತ್ತದೆ ಎಂಬುದನ್ನು ಒಮ್ಮೆ ನೋಡಲಿ.