ಕಾಗದದ ಕರಡಿಗೆ

ನಮ್ಮ ಕೈಕೆಲಸದ ತರಗತಿಯಲ್ಲಿ ಹೊಲಿಗೆ, ಹೆಣಿಗೆಗಳೊಡನೆ ಕಾಗದವನ್ನು ಮಡಿಸಿ ಕರಡಿಗೆ ಮಾಡುವುದನ್ನೂ ಕಲಿಸುತ್ತೇವೆ. ಇದರಿಂದೇನು ಪ್ರಯೋಜನವೆಂದು ತಂದೆತಾಯಿಗಳಲ್ಲಿ ಕೆಲವರು ಕೇಳುವುದುಂಟು. ಪರೀಕ್ಷೆಯಲ್ಲಿ ಇದಕ್ಕೆ ಅಂಕಗಳಿಲ್ಲ. ಇದಕ್ಕಿಂತ ಗಟ್ಟಿಯಾದ ಡಬ್ಬಿ ಅಂಗಡಿಯಲ್ಲಿ ಅಗ್ಗವಾಗಿ ದೊರೆಯುತ್ತದೆ. ಆ ಪ್ರಶ್ನೆಗೆ ಉತ್ತರವಾಗಿ, ಮಾಡುವ ಕ್ರಮವನ್ನೇ ಇಲ್ಲಿ ವಿವರಿಸುತ್ತೇನೆ. ಓದುವವರು ಒಂದು ಹಾಳೆಯನ್ನು ಕೈಗೆ ತೆಗೆದುಕೊಂಡು ಮಾಡಿ ನೋಡಬೇಕೆಂದು ನನ್ನ ಕೋರಿಕೆ.

ಮಡಿಸುವ ವಿದ್ಯೆ ನಮಗೆ ಹೊಸದಲ್ಲ. ಮುತ್ತುಗದೆಲೆಯ ದೊನ್ನೆ, ಹಲಸಿನೆಲೆಯ ಕೊಟ್ಟೆಗಳನ್ನು ನಮ್ಮ ಅಜ್ಜಿಯರು ಅಳತೆಗೋಲಿಲ್ಲದೆ ಕಟ್ಟುತ್ತಿದ್ದರು. ನವುಲೆಯ ಸುತ್ತಣ ಮಕ್ಕಳು ಅಡಿಕೆಯ ಮರದಿಂದ ಬಿದ್ದುದನ್ನು ಹಾಳೆಯೆನ್ನುತ್ತಾರೆ. ಕಾಗದಕ್ಕೂ ನಾವು ಕೊಟ್ಟ ಹೆಸರು ಅದೇ. ಬಟ್ಟೆಯನ್ನು ಮಡಿಸಿಡುವ ಕಲೆಗೆ ಕಡತವೇ ಸಾಕ್ಷಿ. ಹುಣಿಸೆಬೀಜದ ಅಂಟಿನಲ್ಲಿ ಇದ್ದಿಲ ಪುಡಿಯನ್ನು ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಹಿಂದುಮುಂದಾಗಿ ಮಡಿಸಿ, ಬಳಪದಿಂದ ಅದರ ಮೇಲೆ ಲೆಕ್ಕಪತ್ರಗಳನ್ನು ಬರೆಯುತ್ತಿದ್ದರು. ಶೃಂಗೇರಿಯ ಮಠದಲ್ಲಿ ಅಂತಹ ಕಡತಗಳು ಉಳಿದುಬಂದಿವೆ.

ನಾವು ಕಲಿಸುವ ಕರಡಿಗೆಯಾದರೋ ಜಪಾನಿನದು. ಕಾಗದ ಮಡಿಸುವ ಕಲೆಯನ್ನು ಅಲ್ಲಿಯವರು ಒರಿಗಾಮಿ ಎನ್ನುತ್ತಾರೆ. ನಮ್ಮ ಪಾವು ಸೇರುಗಳಂತೆ ಅಕ್ಕಿಯನ್ನು ಅಳೆಯಲು ಅವರಲ್ಲಿದ್ದ ಚೌಕನಾದ ಮರದ ಪಾತ್ರೆಗೆ ಮಸು ಎಂದು ಹೆಸರು. ಅದೇ ಆಕಾರದ ಈ ಕರಡಿಗೆಗೂ ಆ ಹೆಸರೇ ಬಂದಿದೆ. ಜರ್ಮನಿಯ ಫ್ರೋಬೆಲ್ ಮಹಾಶಯನು ತನ್ನ ಕಿಂಡರ್‌ಗಾರ್ಟನ್ ಪದ್ಧತಿಯಲ್ಲಿ ಕಾಗದದ ಮಡಿಕೆಗೆ ಸ್ಥಾನ ಕೊಟ್ಟನು. ಆ ಪಾಠದಿಂದಲೇ ಪ್ರೇರಿತರಾಗಿ ಟಿ. ಸುಂದರರಾವ್ ಅವರು ಕಾಗದವನ್ನು ಮಡಿಸಿ ರೇಖಾಗಣಿತವನ್ನು ಕಲಿಸುವ ಇಂಗ್ಲಿಷ್ ಗ್ರಂಥವೊಂದನ್ನು 1893ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು.

ಇನ್ನು ಮಾಡುವ ಕ್ರಮ. ತೆಳುವಾದರೂ ಬಿಗಿಯಾದ ಕಾಗದವನ್ನು ಆರಿಸಿಕೊಳ್ಳಬೇಕು. ಹಳೆಯ ಕ್ಯಾಲೆಂಡರಿನ ಹಾಳೆಯೂ ಆದೀತು. ಮುಚ್ಚಳಕ್ಕೆ 8½ ಅಂಗುಲದ ಚೌಕವನ್ನೂ, ತಳಕ್ಕೆ 8¼ ಅಂಗುಲದ ಚೌಕವನ್ನೂ ಕತ್ತರಿಸತಕ್ಕದ್ದು. ಬಣ್ಣದ ಮಗ್ಗುಲು ಕೆಳಗಿರಲಿ. ಮೂಲೆಗೆ ಮೂಲೆಯನ್ನು ಕೂಡಿಸಿ ಎರಡು ಕರ್ಣಗಳನ್ನೂ ಮಡಿಸಿ ಬಿಚ್ಚಿದರೆ ನಡುವಿನ ಬಿಂದು ದೊರೆಯುತ್ತದೆ. ನಾಲ್ಕು ಮೂಲೆಗಳನ್ನೂ ಆ ಬಿಂದುವಿಗೆ ತಂದು ಮಡಿಸಿರಿ, ಚಿಕ್ಕದೊಂದು ಚೌಕವಾಗುವುದು. ಇದರ ಎದುರುಬದುರಿನ ಎರಡು ಅಂಚುಗಳನ್ನು ನಡುವಿಗೆ ತಂದು, ಉಗುರಿನಿಂದ ಗೆರೆಯನ್ನು ಒತ್ತಿ, ಬಿಚ್ಚಿರಿ. ಉಳಿದೆರಡು ಅಂಚುಗಳಿಗೂ ಹಾಗೆಯೇ ಮಾಡಿರಿ. ಬಳಿಕ ಎದುರುಬದುರಿನ ಎರಡು ಮೂಲೆಗಳನ್ನು ಮಾತ್ರ ಪೂರ್ತಿ ಬಿಡಿಸಿ, ಮಡಿಸಿಯೇ ಇರುವ ಎರಡು ಪಕ್ಕಗಳನ್ನು ಗೋಡೆಗಳಂತೆ ನೆಟ್ಟಗೆ ನಿಲ್ಲಿಸಿರಿ. ಬಿಡಿಸಿದ ತುದಿಯನ್ನು ಮೇಲೆತ್ತುವಾಗ ಅದರ ಎರಡು ಮಗ್ಗುಲುಗಳು ಗೆರೆಯಂತೆ ಒಳಕ್ಕೆ ಬಾಗುತ್ತವೆ. ತುದಿಯನ್ನು ಅವುಗಳ ಮೇಲಿಂದ ಒಳಕ್ಕೆ ಮಡಿಸಿ ತಳಕ್ಕೆ ಒತ್ತಿದರೆ ಮೂರನೆಯ ಗೋಡೆ ನಿಲ್ಲುವುದು. ನಾಲ್ಕನೆಯದೂ ಹೀಗೆಯೇ. ಅಂಟು ಬೇಡ, ದಾರ ಬೇಡ. 8½ ಅಂಗುಲದ ಹಾಳೆಯಿಂದ ಸುಮಾರು 3 ಅಂಗುಲ ಅಗಲದ, 1½ ಅಂಗುಲ ಎತ್ತರದ ಮುಚ್ಚಳ ಸಿದ್ಧವಾಗುತ್ತದೆ. ಇದರ ಒಳತಳದಲ್ಲಿ ನಾಲ್ಕು ಮೂಲೆಗಳೂ ಒಂದೇ ಬಿಂದುವಿನಲ್ಲಿ ಸೇರಿರಬೇಕು. ಅದೇ ಕೆಲಸದ ಪರೀಕ್ಷೆ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳದೆ ಇರಲಾರೆ. ಒಂದು ವರ್ಷ ಕೈಕೆಲಸದ ಪ್ರದರ್ಶನಕ್ಕೆ ನಲವತ್ತು ಕರಡಿಗೆಗಳು ಬೇಕಾಗಿದ್ದುವು. ಹಿಂದಿನ ರಾತ್ರಿ ನಾನೇ ಹತ್ತು ಹತ್ತು ಹಾಳೆಗಳನ್ನು ಒಟ್ಟಿಗೆ ಇಟ್ಟು ಕತ್ತರಿಸಿದೆನು. ಮಾರನೆಯ ದಿನ ಮುಚ್ಚಳಗಳು ಕೂರಲೊಲ್ಲವು. ತಳದಲ್ಲಿ ಮೂಲೆಗಳು ಸೇರಲೊಲ್ಲವು. ಅಜಾಗರೂಕರೆಂದು ಮಕ್ಕಳನ್ನು ಗದರಿಸಿದೆನು. ಕೊನೆಯ ಸಾಲಿನ ಹುಡುಗಿಯೊಬ್ಬಳು ಮಡಿಸದ ಹಾಳೆಯೊಂದನ್ನು ತಂದು, ಮೂಲೆಗೆ ಮೂಲೆ ಕೂಡಿಸಿ ತೋರಿಸಿ, "ಟೀಚರ್, ಹಾಳೆಯೇ ಚೌಕವಾಗಿಲ್ಲ" ಎಂದಳು. ಕತ್ತರಿಯ ಒತ್ತಿಗೆ ಕೆಳಗಿನ ಹಾಳೆಗಳು ಜರುಗಿದ್ದುವು. ಅವಳ ಕೈ ನಡುಗುತ್ತಿತ್ತು. ಇಡೀ ತರಗತಿಯ ಎದುರಿಗೆ ನಾನು ಕ್ಷಮೆ ಕೇಳಿದೆನು. ಅಂದಿನಿಂದ ಒಂದೊಂದೇ ಹಾಳೆಯನ್ನು ಕತ್ತರಿಸುವುದೂ, ಮಡಿಸುವ ಮೊದಲು ಕರ್ಣದಲ್ಲಿ ಪರೀಕ್ಷಿಸುವುದೂ ನಮ್ಮಲ್ಲಿ ನಿಯಮವಾಗಿದೆ.

ಬಟ್ಟೆಯ ಕರಡಿಗೆಗೆ ಕಡತದವರ ಉಪಾಯವೇ ದಾರಿ: ಬಟ್ಟೆ ತಾನಾಗಿ ನಿಲ್ಲದು, ಅಂಟಿನಿಂದ ಅದನ್ನು ಬಿಗಿಮಾಡಬೇಕು. ತೆಳುವಾದ ಹತ್ತಿಬಟ್ಟೆಯನ್ನು ಒಗೆದು, ಇಸ್ತ್ರಿಮಾಡಿ, ಕಾಯಿಸಿದ ಮೈದಾ ಅಂಟಿನಿಂದ ತೆಳುಕಾಗದಕ್ಕೆ ಹಚ್ಚಿ, ಪುಸ್ತಕಗಳ ಭಾರದ ಕೆಳಗೆ ಒಣಗಲು ಬಿಡಿರಿ. ಒದ್ದೆ ಬಟ್ಟೆ ಎಳೆದಂತೆ ಓರೆಯಾಗುವುದರಿಂದ ಒಣಗಿದ ಮೇಲೆಯೇ, ನೂಲಿನ ಎಳೆಯ ನೇರಕ್ಕೆ, ಚೌಕವನ್ನು ಕತ್ತರಿಸಬೇಕು. ಗೆರೆಗಳನ್ನು ಚಮಚದ ಬೆನ್ನಿನಿಂದ ಒತ್ತತಕ್ಕದ್ದು. ಬಟ್ಟೆ ದಪ್ಪವಾದುದರಿಂದ ಮುಚ್ಚಳದ ಹಾಳೆ ತಳದ್ದಕ್ಕಿಂತ ಅರ್ಧ ಅಂಗುಲ ದೊಡ್ಡದಿರಲಿ. ತಾಯಿಯ ಹಳೆಯ ಸೀರೆಯ ತುಂಡಿಗೆ ಇದಕ್ಕಿಂತ ಒಳ್ಳೆಯ ಗತಿಯನ್ನು ನಾನು ಕಾಣೆ.

1936ರಲ್ಲಿ ಭದ್ರಾವತಿಯಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯ ಯಂತ್ರಗಳು ಕೆಲವು ವರ್ಷಗಳಿಂದ ನಿಂತಿವೆ. ಊರಿನ ಎಷ್ಟೋ ಮನೆಗಳಿಗೆ ಅನ್ನವಿತ್ತ ವಸ್ತು ಕಾಗದ. ಅದರ ಒಂದು ಹಾಳೆಯನ್ನೂ ಹಗುರವಾಗಿ ಎಣಿಸದಿರುವುದನ್ನು ನಮ್ಮ ಹುಡುಗಿಯರು ಕಲಿಯಲಿ. ತಂದೆತಾಯಿಗಳ ಪ್ರಶ್ನೆಗೆ ನನ್ನ ಉತ್ತರವಿಷ್ಟೆ: ಮೊದಲ ಮಡಿಕೆಯಲ್ಲಿ ಕೂದಲೆಳೆಯಷ್ಟು ತಪ್ಪಿದರೂ ಕರಡಿಗೆ ಅದನ್ನು ಕೊನೆಗೆ ತಾನೇ ತೋರಿಸುತ್ತದೆ, ಮಡಿಸಿದವಳಿಗೂ ಕಲಿಸಿದವಳಿಗೂ ಒಂದೇ ಸಮನಾಗಿ. ನಮ್ಮ ಹಳೆಯ ವಿದ್ಯಾರ್ಥಿನಿಯರು ತಮ್ಮ ಮಕ್ಕಳೊಡನೆ ಕುಳಿತು ಒಂದನ್ನು ಮಾಡಿ, ತಳದ ಬಿಂದುವನ್ನು ನೋಡಿಕೊಳ್ಳಲಿ.